ಡಬ್ಬಿ ಹೇಳದ್ದು, ಲ್ಯಾಬ್ ಹೇಳಿದ್ದು

ನಮ್ಮ ಬೀದಿ ಕೊನೆಯ ಗ್ಯಾರೇಜಿನಲ್ಲಿ ಎಂಜಿನ್ ಆಯಿಲ್ ಪರೀಕ್ಷೆಗೆ ಇರುವ ಉಪಕರಣ ಎರಡೇ: ಹೆಬ್ಬೆರಳು, ತೋರುಬೆರಳು. ಮೆಕ್ಯಾನಿಕ್ ನನ್ನ ಹಳೆಯ ಬೈಕಿನ ಆಯಿಲ್ ಮುಚ್ಚಳ ತಿರುಗಿಸಿ ತೆಗೆಯುತ್ತಾರೆ, ಕಡ್ಡಿಗೆ ಅಂಟಿದ ಹನಿಯನ್ನು ಬೆರಳುಗಳ ನಡುವೆ ಉಜ್ಜುತ್ತಾರೆ, ಒಮ್ಮೆ ಮೂಸುತ್ತಾರೆ. "ಜಿಡ್ಡೇ ಇಲ್ಲ ಸಾರ್, ನೀರಾಗ್ಬಿಟ್ಟಿದೆ. ಸಿಂಥೆಟಿಕ್ ಹಾಕ್ಸಿಬಿಡಿ, ತಲೆನೋವಿರಲ್ಲ." ಮೂವತ್ತು ವರ್ಷ ಎಂಜಿನ್ ಬಿಚ್ಚಿದ ಬೆರಳುಗಳ ತೀರ್ಪು. ಸುಮ್ಮನೆ ತಳ್ಳಿಹಾಕುವಂಥದ್ದಲ್ಲ.

ತೊಂದರೆ ಶುರುವಾಗುವುದು ಅಂಗಡಿಯಲ್ಲಿ. ಬೆಂಗಳೂರಿನ ಜೆ.ಸಿ. ರಸ್ತೆಯ ಯಾವುದಾದರೂ ಬಿಡಿಭಾಗದ ಅಂಗಡಿಗೆ ಹೋಗಿ "5ಡಬ್ಲ್ಯೂ-30 ಸಿಂಥೆಟಿಕ್ ಕೊಡಿ" ಎಂದರೆ ನಾಲ್ಕೈದು ಡಬ್ಬಿಗಳು ಕೌಂಟರಿನ ಮೇಲೆ ಬಂದು ಕೂರುತ್ತವೆ. ಎಲ್ಲದರ ಮೇಲೂ ಅದೇ ಗ್ರೇಡು, ಅದೇ "ಫುಲ್ಲಿ ಸಿಂಥೆಟಿಕ್", ಅದೇ ಗಾಳಿ ಸೀಳಿಕೊಂಡು ಓಡುವ ಕಾರಿನ ಚಿತ್ರ. ಬೆಲೆ ಮಾತ್ರ ಒಂದಕ್ಕಿಂತ ಒಂದು ದುಬಾರಿ. ಯಾಕೆ ಎಂದರೆ "ಅದು ಇಂಪೋರ್ಟೆಡ್ಡು" ಎಂಬ ಉತ್ತರ ಸಿಗುತ್ತದೆ. ಎಣ್ಣೆಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಡಬ್ಬಿ ಹೇಳದ್ದನ್ನು ಹೇಳುವ ಕಾಗದ ಇನ್ನೊಂದಿದೆ. ದೊಡ್ಡ ಕಂಪನಿಗಳು ತಮ್ಮ ಪ್ರತಿ ಎಣ್ಣೆಗೂ ಒಂದು ಡೇಟಾ ಶೀಟ್ ಹೊರಡಿಸುತ್ತವೆ. ಒಂದು ಪುಟ, ಹತ್ತು ಹನ್ನೆರಡು ಸಾಲು, ಪ್ರತಿ ಸಾಲಿಗೂ ಒಂದು ಲ್ಯಾಬ್ ಪರೀಕ್ಷೆ, ಅದರ ಮುಂದೆ ಒಂದು ಅಂಕಿ. ನೋಡಿದರೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹಾಗಿರುತ್ತದೆ. ಹಾಗೆಂದೇ ಓದಲು ಹೋಗಿ ಬಹಳ ಜನ ಎಡವುತ್ತಾರೆ. ಇದನ್ನು ರಕ್ತಪರೀಕ್ಷೆಯ ವರದಿಯಂತೆ ಓದಬೇಕು. ಸಕ್ಕರೆ ಮುನ್ನೂರು ಬಂತೆಂದು ಯಾರೂ ಶಭಾಷ್ ಎನ್ನುವುದಿಲ್ಲ.

ಹೆಸರಿನ ಜಗಳ

ಮೊದಲು ಆ "ಸಿಂಥೆಟಿಕ್" ಎಂಬ ಪದದ ವಿಚಾರಣೆ ಮುಗಿಸೋಣ. ಡೇಟಾ ಶೀಟಿನ ಯಾವ ಸಾಲೂ ಅದನ್ನು ಅಳೆಯುವುದಿಲ್ಲ.

ಡಬ್ಬಿಯೊಳಗಿನ ಬಹುಪಾಲು ಮೂಲತೈಲ; ಉಳಿದದ್ದು ಬೆರೆಸಿದ ರಾಸಾಯನಿಕಗಳು. ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್ ಈ ಮೂಲತೈಲಗಳನ್ನು ಐದು ಗುಂಪುಗಳಾಗಿ ವಿಂಗಡಿಸಿದೆ. ಒಂದು, ಎರಡು, ಮೂರನೆಯ ಗುಂಪುಗಳು ಕಚ್ಚಾತೈಲದ ಮಕ್ಕಳು. ಶುದ್ಧೀಕರಣ ಹೆಚ್ಚಿದಂತೆ ಗುಂಪಿನ ಸಂಖ್ಯೆ ಏರುತ್ತದೆ. ನಾಲ್ಕನೆಯದು ಪಿಎಒ. ಎಥಿಲೀನ್ ಎಂಬ ಅನಿಲದ ಅಣುಗಳನ್ನು ಕೂಡಿಸಿ ಡೆಸೀನ್ ಮಾಡಿ, ಆ ಡೆಸೀನನ್ನು ಹೂ ಪೋಣಿಸಿದಂತೆ ಒಂದಕ್ಕೊಂದು ಜೋಡಿಸಿ ಕಟ್ಟಿದ ತೈಲ ಇದು. ಐದನೆಯದರಲ್ಲಿ ಎಸ್ಟರ್‌ಗಳೂ ಸೇರಿದಂತೆ ಉಳಿದವೆಲ್ಲ. ನಮ್ಮ ಹರಳೆಣ್ಣೆಯನ್ನೂ ಇಲ್ಲೇ ಕೂರಿಸಬಹುದು. ತಮಾಷೆಗೆ ಹೇಳಿದ್ದಲ್ಲ, ಕ್ಯಾಸ್ಟ್ರಾಲ್ ಎಂಬ ಹೆಸರು ಹುಟ್ಟಿದ್ದೇ ಹರಳೆಣ್ಣೆಯ ಇಂಗ್ಲಿಷ್ ಹೆಸರಿನಿಂದ. ಇಪ್ಪತ್ತನೆಯ ಶತಮಾನದ ಆರಂಭದ ಎಂಜಿನ್‌ಗಳಿಗೆಂದು ಅದನ್ನು ಬೆರೆಸಿ ಮಾರುತ್ತಿದ್ದರು.

1974ರಲ್ಲಿ ಮೊಬಿಲ್ 1 ಮಾರುಕಟ್ಟೆಗೆ ಬಂದ ಕಾಲದಲ್ಲಿ ಸಿಂಥೆಟಿಕ್ ಎಂದರೆ ಹೀಗೆ ಅಣು ಕಟ್ಟಿ ಮಾಡಿದ ಎಣ್ಣೆ ಎಂಬ ತಿಳಿವಳಿಕೆ ಇತ್ತು. 1990ರ ದಶಕದ ಕೊನೆಗೆ ಕ್ಯಾಸ್ಟ್ರಾಲ್ ಅಮೆರಿಕದಲ್ಲಿ ಮಾರುತ್ತಿದ್ದ ತನ್ನ ಸಿಂಟೆಕ್ ಎಣ್ಣೆಯಿಂದ ಪಿಎಒ ತೆಗೆದು, ಕಚ್ಚಾತೈಲದ ಮೇಣದಂಥ ಭಾಗವನ್ನು ಜಲಜನಕದ ಒತ್ತಡದಲ್ಲಿ ಒಡೆದು ಮರುಜೋಡಿಸಿದ ಮೂರನೆಯ ಗುಂಪಿನ ತೈಲ ಹಾಕಿತು. ಡಬ್ಬಿಯ ಮೇಲಿನ ಪದ ಬದಲಾಗಲಿಲ್ಲ. ಮೊಬಿಲ್ ಸಿಟ್ಟಾಗಿ ಅಲ್ಲಿನ ಜಾಹೀರಾತು ದೂರುಗಳನ್ನು ನೋಡುವ ನ್ಯಾಷನಲ್ ಅಡ್ವರ್ಟೈಸಿಂಗ್ ಡಿವಿಷನ್‌ಗೆ ದೂರು ಕೊಟ್ಟಿತು. 1999ರಲ್ಲಿ ಬಂದ ತೀರ್ಮಾನ ಕ್ಯಾಸ್ಟ್ರಾಲ್ ಪರ: ಅಣುಗಳ ರೂಪ ಇಷ್ಟು ಬದಲಾದ ಮೇಲೆ ಅದನ್ನು ಸಿಂಥೆಟಿಕ್ ಎಂದು ಕರೆದರೆ ತಪ್ಪಿಲ್ಲ. ಅಂದಿನಿಂದ ಆ ಪದದ ಬೇಲಿ ಬಿತ್ತು. ಜರ್ಮನಿಯೊಂದು ಹಠ ಹಿಡಿದು, ನಾಲ್ಕನೆಯ ಐದನೆಯ ಗುಂಪಿಗಷ್ಟೇ "ಪೂರ್ಣ ಸಿಂಥೆಟಿಕ್" ಪಟ್ಟ ಎಂದು ಉಳಿದುಕೊಂಡಿತು.

ಹಾಗಾದರೆ ಕ್ಯಾಸ್ಟ್ರಾಲ್ ಮೋಸ ಮಾಡಿತೇ? ಇಲ್ಲಿ ಲ್ಯಾಬಿನ ಮಾತು ಕೇಳಬೇಕು. 100 ಡಿಗ್ರಿಯಲ್ಲಿ ಸುಮಾರು 4 ಸೆಂಟಿಸ್ಟೋಕ್ಸ್ ದಪ್ಪವಿರುವ ಎರಡು ಮೂಲತೈಲಗಳನ್ನು ಪಕ್ಕಪಕ್ಕ ಇಡಿ, ಒಂದು ಪಿಎಒ, ಇನ್ನೊಂದು ಮೂರನೆಯ ಗುಂಪಿನದು. ಬಿಸಿಗೆ ತೆಳುವಾಗುವುದನ್ನು ತಡೆಯುವ ಶಕ್ತಿಯ ಅಳತೆಯಾದ ಸ್ನಿಗ್ಧತಾ ಸೂಚ್ಯಂಕ ಎರಡರದೂ 120ರ ಆಸುಪಾಸು. 250 ಡಿಗ್ರಿಯಲ್ಲಿ ಆವಿಯಾಗುವ ಪ್ರಮಾಣ ಎರಡರದೂ ಶೇಕಡ 14ರ ಹತ್ತಿರ. ದೊಡ್ಡ ಅಂತರ ಕಾಣುವುದು ಒಂದೇ ಸಾಲಿನಲ್ಲಿ: ಎಣ್ಣೆ ಹರಿಯುವುದನ್ನು ನಿಲ್ಲಿಸುವ ತಾಪಮಾನ. ಮೂರನೆಯ ಗುಂಪು ಮೈನಸ್ 15-20 ಡಿಗ್ರಿಗೆ ಕೈಚೆಲ್ಲುತ್ತದೆ. ಪಿಎಒ ಮೈನಸ್ 60ರ ಕೆಳಗೂ ಹರಿಯುತ್ತಿರುತ್ತದೆ.

ಈ ಒಂದು ಸಾಲಿಗೆ ನಾವು ಎಷ್ಟು ದುಡ್ಡು ಕೊಡಬೇಕು?

ಕೊಬ್ಬರಿ ಎಣ್ಣೆಯ ಪಾಠ

ಚಳಿಗಾಲದ ಬೆಳಿಗ್ಗೆ ಬಚ್ಚಲ ಮನೆಯ ಕೊಬ್ಬರಿ ಎಣ್ಣೆ ಸೀಸೆಯನ್ನು ಬಿಸಿನೀರಿನಲ್ಲಿ ಅದ್ದಿ ಕರಗಿಸಿಕೊಂಡವರಿಗೆ ಈ ಪರೀಕ್ಷೆಯನ್ನು ವಿವರಿಸಬೇಕಿಲ್ಲ. 5ಡಬ್ಲ್ಯೂ, 20ಡಬ್ಲ್ಯೂ ಎನ್ನುವಲ್ಲಿನ ಡಬ್ಲ್ಯೂ ಅಕ್ಷರ ವಿಂಟರ್‌ನದು, ಚಳಿಗಾಲದ್ದು. ಅಮೆರಿಕದ ಎಂಜಿನಿಯರುಗಳ ಸಂಘ ಎಸ್‌ಎಇ ಬರೆದ ನಿಯಮದ ಪ್ರಕಾರ, 0ಡಬ್ಲ್ಯೂ ಎನಿಸಿಕೊಳ್ಳಲು ಎಣ್ಣೆ ಮೈನಸ್ 35 ಡಿಗ್ರಿಯಲ್ಲಿ ಎಂಜಿನ್ ತಿರುಗಲು ಬಿಡಬೇಕು, ಮೈನಸ್ 40ರಲ್ಲಿ ಪಂಪಿಗೆ ಸಿಗಬೇಕು. 20ಡಬ್ಲ್ಯೂ ಆದರೆ ಮೈನಸ್ 15, ಮೈನಸ್ 20 ಸಾಕು.

ಪಂಪಿನ ಆ ಎರಡನೆಯ ಪರೀಕ್ಷೆ ಇಂದಿನ ರೂಪಕ್ಕೆ ಬಂದದ್ದರ ಹಿಂದೆ ಒಂದು ದುರಂತವಿದೆ. 1980-81ರ ಚಳಿಗಾಲದಲ್ಲಿ ಅಮೆರಿಕದ ಸೌತ್ ಡಕೋಟಾ ರಾಜ್ಯದ ಸೂ ಫಾಲ್ಸ್ ಊರಿನಲ್ಲಿ ಎಂಜಿನ್‌ಗಳು ಕೆಟ್ಟುನಿಂತವು. ಅವುಗಳಲ್ಲಿದ್ದ ಎಣ್ಣೆಗಳೆಲ್ಲ ಆಗಿನ ಪರೀಕ್ಷೆ ಪಾಸಾದವೇ. ಎಂಜಿನ್ ಸ್ಟಾರ್ಟ್ ಕೂಡ ಆಗಿತ್ತು. ಆದರೆ ನಿಧಾನವಾಗಿ ಇಳಿದ ಚಳಿಯಲ್ಲಿ ಎಣ್ಣೆ ತಳದಲ್ಲಿ ಲೋಳೆಗಟ್ಟಿತ್ತು. ಪಂಪು ತನ್ನ ಸುತ್ತಲಿನದನ್ನು ಹೀರಿ ಹಳ್ಳ ಮಾಡಿಕೊಂಡಿತು, ಉಳಿದದ್ದು ಹರಿದು ಬರಲಿಲ್ಲ, ಬೇರಿಂಗ್‌ಗಳಿಗೆ ಬರೀ ಗಾಳಿ ಹೋಯಿತು. ಲ್ಯಾಬಿನಲ್ಲಿ ಎಣ್ಣೆಯನ್ನು ಬೇಗ ತಂಪು ಮಾಡುತ್ತಿದ್ದರಿಂದ ಇದು ಕಂಡೇ ಇರಲಿಲ್ಲ. ಈಗ ಆ ಪರೀಕ್ಷೆಯಲ್ಲಿ ಎಣ್ಣೆಯನ್ನು ಎರಡು ದಿನ ಹಿಡಿಸಿ ಮೆಲ್ಲಗೆ ತಣಿಸುತ್ತಾರೆ.

ಇನ್ನು ನಮ್ಮ ಊರಿಗೆ ಬನ್ನಿ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ತಾಪಮಾನ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಆ ಬೆಳಿಗ್ಗೆಗೂ 20ಡಬ್ಲ್ಯೂ ಎಣ್ಣೆ ಹೆದರುವುದಿಲ್ಲ. ಪಿಎಒದ ಮೈನಸ್ 60ರ ಶಕ್ತಿ ರಾಯಚೂರಿನವರಿಗೆ ಕಂಬಳಿ ಮಾರಿದ ಹಾಗೆ. ಚಳಿಗಾಲದಲ್ಲಿ ಸ್ಪಿತಿಗೋ ಲಡಾಖಿಗೋ ಬೈಕ್ ಏರಿ ಹೊರಡುವ ಹುಚ್ಚು ಇದ್ದವರ ಮಾತು ಬೇರೆ. ಅವರು ಈ ಸಾಲನ್ನು ಎರಡು ಸಲ ಓದಲಿ. ಉಳಿದವರಿಗೆ ತೆಳು ಎಣ್ಣೆಯಿಂದ ಆಗುವ ಲಾಭ ಬೇರೆ ಕಡೆ ಇದೆ. ಬೆಳಗಿನ ಮೊದಲ ಕೆಲವು ಕ್ಷಣಗಳಲ್ಲಿ ಅದು ಬೇಗ ಮೇಲೇರುತ್ತದೆ, ಇಂಧನ ತುಸು ಉಳಿಯುತ್ತದೆ. ಹೊಸ ಎಂಜಿನ್‌ಗಳು 0ಡಬ್ಲ್ಯೂ-20, 0ಡಬ್ಲ್ಯೂ-16 ಕೇಳುವುದು ಮುಖ್ಯವಾಗಿ ಮೈಲೇಜಿಗಾಗಿ.

ಒಂದೇ ಗ್ರೇಡ್, ಎರಡು ಎಣ್ಣೆ

ಚಳಿ ನಮಗೆ ಲೆಕ್ಕವಿಲ್ಲವೆಂದರೆ ಬಿಸಿ ಲೆಕ್ಕಕ್ಕೆ ಬರುತ್ತದೆ. ಗ್ರೇಡಿನ ಎರಡನೆಯ ಸಂಖ್ಯೆ ನಿರ್ಧಾರವಾಗುವುದು 100 ಡಿಗ್ರಿಯಲ್ಲಿ. ಗಾಜಿನ ಸಣ್ಣ ಕೊಳವೆಯನ್ನು, ಒಂದು ಡಿಗ್ರಿಯ ಐವತ್ತನೆಯ ಒಂದು ಭಾಗದಷ್ಟೂ ಆಚೀಚೆ ಆಗದ ಬಿಸಿ ತೊಟ್ಟಿಯಲ್ಲಿಟ್ಟು, ಎಣ್ಣೆ ಒಂದು ಗೆರೆಯಿಂದ ಇನ್ನೊಂದು ಗೆರೆಗೆ ತನ್ನ ಭಾರಕ್ಕೆ ತಾನೇ ಇಳಿಯಲು ಎಷ್ಟು ಸೆಕೆಂಡು ಬೇಕೆಂದು ಎಣಿಸುತ್ತಾರೆ. ಗ್ಯಾರೇಜಿನ ಬೆರಳುಗಳು ಮಾಡುವ ಕೆಲಸವೇ, ಸ್ವಲ್ಪ ಶಿಸ್ತಿನಿಂದ. 9.3ರಿಂದ 12.5 ಸೆಂಟಿಸ್ಟೋಕ್ಸ್ ಒಳಗೆ ಬಂದರೆ 30, ಅಲ್ಲಿಂದ 16.3ರ ಒಳಗೆ 40, ಅದರಾಚೆ 21.9ರ ಒಳಗೆ 50. ಅಂದರೆ 9.5 ಇದ್ದದ್ದೂ 30, 12.4 ಇದ್ದದ್ದೂ 30. ಮೂರನೆಯ ದರ್ಜೆಯಲ್ಲಿ ಪಾಸಾದವನಿಗೂ ರ‍್ಯಾಂಕ್ ಬಂದವನಿಗೂ ಒಂದೇ ಪದವಿ ಪ್ರಮಾಣಪತ್ರ.

ಆದರೆ ಎಂಜಿನ್ನಿನೊಳಗೆ ಎಣ್ಣೆ ಹೀಗೆ ಆರಾಮಾಗಿ ಇಳಿಯುವುದಿಲ್ಲ. ಕ್ರ್ಯಾಂಕಿನ ಬೇರಿಂಗಿನಲ್ಲಿ, ಕೂದಲೆಳೆಗಿಂತ ತೆಳುವಾದ ಸಂದಿನಲ್ಲಿ ಭಾರಿ ವೇಗದಲ್ಲಿ ಹರಿದು ಸೀಳಿಹೋಗುತ್ತದೆ. ಆ ಸ್ಥಿತಿಯನ್ನು 150 ಡಿಗ್ರಿಯಲ್ಲಿ ಅನುಕರಿಸುವ ಪರೀಕ್ಷೆಗೆ ಎಚ್‌ಟಿಎಚ್‌ಎಸ್ ಎಂದು ಹೆಸರು. ನನ್ನ ಮಟ್ಟಿಗೆ ಇಡೀ ಹಾಳೆಯಲ್ಲಿ ಮೊದಲು ಹುಡುಕಬೇಕಾದ ಸಾಲು ಇದು. ಹಲವು ಕಂಪನಿಗಳು ಇದನ್ನು ಅಚ್ಚು ಹಾಕುವುದೇ ಇಲ್ಲ ಎಂಬುದನ್ನೂ ಗಮನಿಸಿ.

ಯಾಕೆಂದರೆ ಕೌಂಟರಿನ ಮೇಲಿನ ಎರಡು 5ಡಬ್ಲ್ಯೂ-30 ಡಬ್ಬಿಗಳ ಗುಟ್ಟು ಇಲ್ಲೇ ಬಯಲಾಗುವುದು. 30ರ ಗ್ರೇಡಿಗೆ ಎಸ್‌ಎಇ ಕೇಳುವ ಕನಿಷ್ಠ 2.9. ಯುರೋಪಿನ ತಯಾರಕರ ಎ3/ಬಿ4, ಸಿ3 ದರ್ಜೆಗಳು ಕೇಳುವುದು 3.5. ಮೈಲೇಜಿಗೆಂದು ಮಾಡಿದ 5ಡಬ್ಲ್ಯೂ-30 ಸುಮಾರು 3ರಲ್ಲಿ ನಿಂತಿರುತ್ತದೆ; ಯುರೋಪಿನ ಟರ್ಬೊ ಎಂಜಿನ್‌ಗೆಂದು ಮಾಡಿದ್ದು 3.5ರ ಮೇಲಿರುತ್ತದೆ. ಹೆಸರು ಒಂದೇ, ಬಣ್ಣ ಒಂದೇ, ಬೇರಿಂಗಿನ ನಡುವೆ ಉಳಿಯುವ ಪದರ ಬೇರೆ. ಯಾವುದು ಒಳ್ಳೆಯದು ಎಂಬುದಕ್ಕೆ ಉತ್ತರ ಹಾಳೆಯಲ್ಲಿಲ್ಲ, ನಿಮ್ಮ ಕಾರಿನ ಮಾಲೀಕರ ಕೈಪಿಡಿಯಲ್ಲಿದೆ. ಮೊದಲನೆಯದಕ್ಕೆಂದು ಕಟ್ಟಿದ ಎಂಜಿನ್‌ಗೆ ಎರಡನೆಯದನ್ನು ಸುರಿದರೆ ಮೈಲೇಜು ತುಸು ಇಳಿದೀತು. ಅದಲುಬದಲು ಮಾಡಿದರೆ ಕಳೆದುಕೊಳ್ಳುವುದು ಬೇರಿಂಗನ್ನು.

ಇನ್ನು ಆವಿ. ನೊಆಕ್ ಎಂಬ ಜರ್ಮನ್ ಹೆಸರಿನ ಪರೀಕ್ಷೆಯಲ್ಲಿ 65 ಗ್ರಾಂ ಎಣ್ಣೆಯನ್ನು 250 ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸಿ, ಮೇಲಿನ ಗಾಳಿಯನ್ನು ಎಳೆಯುತ್ತ, ಎಷ್ಟು ಹಾರಿಹೋಯಿತೆಂದು ತೂಗುತ್ತಾರೆ. ಪಿಸ್ಟನ್ ರಿಂಗುಗಳ ಹತ್ತಿರದ ಬಿಸಿಗೆ ಇದು ಸಮೀಪದ ಅನುಕರಣೆ. 1990ರ ದಶಕದಲ್ಲಿ ಅಮೆರಿಕ-ಜಪಾನ್ ತಯಾರಕರ ಮಾನದಂಡ ಶೇಕಡ 22ರವರೆಗೂ ಒಪ್ಪುತ್ತಿತ್ತು. 2001ರ ಸುಮಾರಿಗೆ ಅದನ್ನು 15ಕ್ಕೆ ಇಳಿಸಿದರು. ಯುರೋಪಿನದು 13. ಇಲ್ಲಿ ಕಡಿಮೆ ಇದ್ದಷ್ಟೂ ಲೇಸು. ಹಾರುವುದು ಎಣ್ಣೆಯ ಹಗುರ ಭಾಗ. ಉಳಿದದ್ದು ಗಟ್ಟಿಯಾಗುತ್ತ ಹೋಗುತ್ತದೆ, ಹಾರಿದ್ದು ವಾಲ್ವುಗಳ ಮೇಲೆ ಮಸಿಯಾಗಿ ಕೂರುತ್ತದೆ. ಮೇ ತಿಂಗಳಲ್ಲಿ ಕಲಬುರಗಿಯಿಂದ ಬೀದರಿಗೆ ಎಸಿ ಹಾಕಿಕೊಂಡು ಓಡುವ ಟ್ಯಾಕ್ಸಿಯವರಿಗೆ, ಎರಡು ಸರ್ವಿಸ್‌ಗಳ ನಡುವೆ ಅರ್ಧ ಲೀಟರ್ ಟಾಪ್‌ಅಪ್ ಮಾಡುವ ರಗಳೆಗೆ, ಈ ಅಂಕಿ ನೇರ ಸಂಬಂಧಿಕ.

ಆವಿ ಕಿಡಿಗೆ ಹೊತ್ತಿಕೊಳ್ಳುವ ಬಿಸಿಯಾದ ಫ್ಲ್ಯಾಷ್ ಪಾಯಿಂಟ್, ಸಾಂದ್ರತೆ ಇವನ್ನೂ ಹಾಳೆಯಲ್ಲಿ ಅಚ್ಚು ಹಾಕುತ್ತಾರೆ. ಎಣ್ಣೆ ಸಾಗಿಸುವ ಲಾರಿಯವರಿಗೆ ಬೇಕು. ಮುಂದೆ ಹೋಗೋಣ.

ಟಿಬಿಎನ್ ಎಂಬುದು ಹೊಟ್ಟೆಹುಳಿಯ ಮಾತ್ರೆ ಇದ್ದ ಹಾಗೆ. ಇಂಧನ ಉರಿದು ಹುಟ್ಟುವ ಆಮ್ಲವನ್ನು ಎಷ್ಟು ತಟಸ್ಥ ಮಾಡಬಲ್ಲದು ಎಂಬ ಅಳತೆ. ಹೆಚ್ಚಿದ್ದರೆ ಒಳ್ಳೆಯದೆಂದು ಲಾರಿ ಮಾಲೀಕರು ಇಂದಿಗೂ ನಂಬುತ್ತಾರೆ. ನಂಬಿಕೆಗೆ ಕಾರಣವೂ ಇತ್ತು: ಡೀಸೆಲ್ಲಿನಲ್ಲಿ ಗಂಧಕ ತುಂಬಿದ್ದ ಕಾಲವದು. 2020ರ ಏಪ್ರಿಲ್ 1ರಿಂದ ದೇಶಾದ್ಯಂತ ಬಂದ ಬಿಎಸ್-6 ಇಂಧನದಲ್ಲಿ ಗಂಧಕದ ಮಿತಿ 10 ಪಿಪಿಎಂ. ಬಿಎಸ್-3ರ ಡೀಸೆಲ್ಲಿನಲ್ಲಿ ಅದು 350 ಇತ್ತು. ರೋಗವೇ ಕಡಿಮೆಯಾದ ಮೇಲೆ ಮಾತ್ರೆ ಹೆಚ್ಚಿಸಿದರೆ ಏನಾಗುತ್ತದೆ? ಟಿಬಿಎನ್ ಕೊಡುವ ಕ್ಯಾಲ್ಸಿಯಂ, ಮೆಗ್ನೀಷಿಯಂ ಉರಿದು ಬೂದಿಯಾಗುತ್ತವೆ, ಬಿಎಸ್-6 ಡೀಸೆಲ್ ಗಾಡಿಯ ಹೊಗೆಕೊಳವೆಯ ಫಿಲ್ಟರಿನಲ್ಲಿ ಹೋಗಿ ಕೂರುತ್ತವೆ. ಮಸಿಯನ್ನು ಸುಟ್ಟು ಕಳೆಯಬಹುದು, ಬೂದಿಯನ್ನು ಸುಡಲಾಗದು. ಅದಕ್ಕೇ ಸಿ3 ದರ್ಜೆಯ ಎಣ್ಣೆಗಳಲ್ಲಿ ಬೂದಿ ಶೇಕಡ 0.8 ಮೀರುವಂತಿಲ್ಲ.

ಬೈಕಿನ ಲೆಕ್ಕವೇ ಬೇರೆ

ದುಬಾರಿ ಕಾರಿನ ಎಣ್ಣೆ ಉಳಿದಿದೆಯೆಂದು ಬೈಕಿಗೆ ಸುರಿಯುವವರನ್ನು ನೋಡಿದ್ದೇನೆ. ಕಾರಿನ ಎಂಜಿನ್ ಎಣ್ಣೆಗೆ ಎಂಜಿನ್ ಒಂದೇ ಜವಾಬ್ದಾರಿ. ನಮ್ಮ ಗೇರ್ ಬೈಕುಗಳಲ್ಲಿ ಅದೇ ಎಣ್ಣೆ ಎಂಜಿನ್ನನ್ನೂ ಗೇರುಪೆಟ್ಟಿಗೆಯನ್ನೂ ನೋಡಿಕೊಳ್ಳಬೇಕು, ಕ್ಲಚ್ ಫಲಕಗಳು ಅದರಲ್ಲೇ ಮುಳುಗಿರುತ್ತವೆ. ಎಂಜಿನ್‌ಗೆ ಜಾರಬೇಕು, ಕ್ಲಚ್ಚಿಗೆ ಜಾರಬಾರದು. ಅತ್ತೆಗೂ ಸೊಸೆಗೂ ಒಂದೇ ಮಾತಿನಲ್ಲಿ ಸಮಾಧಾನ ಹೇಳುವ ಕೆಲಸ. ಕಾರಿನ ತೆಳು ಎಣ್ಣೆಗಳಲ್ಲಿ ಮೈಲೇಜಿಗೆಂದು ಘರ್ಷಣೆ ತಗ್ಗಿಸುವ ರಾಸಾಯನಿಕ ಹಾಕುತ್ತಾರೆ. ಬೈಕಿನಲ್ಲಿ ಅದೇ ಕ್ಲಚ್ ಸ್ಲಿಪ್ಪಾಗಲು ದಾರಿ.

ಇದಕ್ಕೆಂದೇ ಜಪಾನಿನವರು 1998ರಲ್ಲಿ ಜಾಸೊ ಮಾನದಂಡ ತಂದರು. ಎಂಎ, ಎಂಎ2 ಎಂದಿದ್ದರೆ ಕ್ಲಚ್ ಇರುವ ಬೈಕಿಗೆ. ಎಂಬಿ ಎಂದರೆ ಕ್ಲಚ್ ಎಣ್ಣೆಯಲ್ಲಿ ಮುಳುಗದ ಸ್ಕೂಟರಿಗೆ. ಲ್ಯಾಬಿನ ಧಾತುಗಳ ಪಟ್ಟಿಯಲ್ಲೂ ಈ ವ್ಯತ್ಯಾಸ ಕಾಣುತ್ತದೆ. ಸವೆತ ತಡೆಯುವ ಸತು-ರಂಜಕದ ಸಂಯುಕ್ತ ಕಾರಿನ ಕ್ಯಾಟಲಿಟಿಕ್ ಕನ್ವರ್ಟರಿಗೆ ವಿಷ, ಹಾಗಾಗಿ ಮೈಲೇಜು ಉಳಿಸುವ ದರ್ಜೆಯ ಕಾರ್ ಎಣ್ಣೆಗಳಲ್ಲಿ ರಂಜಕ 600ರಿಂದ 800 ಪಿಪಿಎಂ ಒಳಗಿರಬೇಕು. ಜಾಸೊ ಕೇಳುವುದು 800ರಿಂದ 1200.

ಗೇರುಪೆಟ್ಟಿಗೆಯ ಕಾಟ ಇನ್ನೊಂದು. 15ಡಬ್ಲ್ಯೂ-50ರಂಥ ಎರಡು ಸಂಖ್ಯೆಗಳ ಅಗಲವನ್ನು ಹಿಡಿದಿಡುವುದು ಉದ್ದುದ್ದ ಪಾಲಿಮರ್ ಅಣುಗಳು. ಗೇರಿನ ಹಲ್ಲುಗಳು ಅವನ್ನು ಅಡಕೊತ್ತಿನ ಹಾಗೆ ಕತ್ತರಿಸುತ್ತ ಬರುತ್ತವೆ. ನಮ್ಮ ಮೆಕ್ಯಾನಿಕ್ "ನೀರಾಗಿದೆ" ಎಂದದ್ದು ಸುಳ್ಳಲ್ಲ. 50 ಆಗಿ ಒಳಹೋದದ್ದು 40 ಆಗಿ ಹೊರಬರುವುದುಂಟು. ಎಣ್ಣೆಯನ್ನು ಡೀಸೆಲ್ ಇಂಜೆಕ್ಟರಿನ ಸೂಕ್ಷ್ಮ ರಂಧ್ರದಿಂದ ಮೂವತ್ತು ಸಲ ಹಾಯಿಸಿ, ಮೊದಲು ಎಷ್ಟಿತ್ತು, ಈಗ ಎಷ್ಟಿದೆ ಎಂದು ನೋಡುವ ಪರೀಕ್ಷೆ ಇದೆ. ಪಿಎಒ, ಎಸ್ಟರ್ ಎಣ್ಣೆಗಳಿಗೆ ಪಾಲಿಮರ್ ಆಸರೆ ಕಡಿಮೆ ಸಾಕು, ಹಾಗಾಗಿ ಅವು ಇಲ್ಲಿ ಹೆಚ್ಚು ತಡೆಯುತ್ತವೆ. ದುಬಾರಿ ಡಬ್ಬಿಗೆ ಕೊಟ್ಟ ದುಡ್ಡು ನಮ್ಮಲ್ಲಿ ಸಾರ್ಥಕವಾಗುವುದಾದರೆ ಇಂಥ ಕಡೆ.

ಪದಾರ್ಥ ಯಾವುದೆಂದು ತಿಳಿಯಲು ಒಂದು ಕಳ್ಳದಾರಿಯನ್ನೂ ಹೇಳಿಬಿಡುತ್ತೇನೆ. ಡೇಟಾ ಶೀಟಿನ ಜೊತೆ ಸುರಕ್ಷತಾ ಹಾಳೆ ಎಂಬುದೊಂದಿರುತ್ತದೆ, ಯಾರೂ ಓದುವುದಿಲ್ಲ. ಅದರ ಪದಾರ್ಥಗಳ ಪಟ್ಟಿಯಲ್ಲಿ ಡೆಸೀನ್ ಹೆಸರು ಕಂಡರೆ ಪಿಎಒ ಇದೆ ಎಂದರ್ಥ. ಕಾಣದಿದ್ದರೆ ಇಲ್ಲವೆಂದು ಹೇಳಲಾಗದು, ಎಲ್ಲವನ್ನೂ ಬರೆಯಬೇಕೆಂಬ ಕಡ್ಡಾಯವಿಲ್ಲ.

75 ಟ್ಯಾಕ್ಸಿಗಳು

ಆಟೊ ಎಕ್ಸ್‌ಪೊಗಳ ಮಳಿಗೆಗಳಲ್ಲಿ ಒಂದು ಯಂತ್ರ ನೋಡಿರುತ್ತೀರಿ. ತಿರುಗುವ ಉಕ್ಕಿನ ಉಂಗುರಕ್ಕೆ ಸನ್ನೆಗೋಲಿನಿಂದ ಒತ್ತಿ, "ಅವರ ಎಣ್ಣೆ ಕಿರುಚಿತು, ನಮ್ಮದು ಸುಮ್ಮನಿದೆ ನೋಡಿ" ಎನ್ನುತ್ತಾರೆ. ಅದರ ಸಭ್ಯ ಸೋದರನೂ ಇದ್ದಾನೆ: ಮೂರು ಉಕ್ಕಿನ ಗುಂಡುಗಳ ಮೇಲೆ ನಾಲ್ಕನೆಯದನ್ನು 40 ಕಿಲೊ ಭಾರ ಹೇರಿ ಒಂದು ಗಂಟೆ ತಿರುಗಿಸಿ, ಬಿದ್ದ ಗಾಯದ ಅಗಲ ಅಳೆಯುವುದು. ಶಿಸ್ತಿನ ಪರೀಕ್ಷೆಯೇ. ಆದರೆ ಎಂಜಿನ್ನಿನಲ್ಲಿ ಹೀಗೆ ಗುಂಡಿನ ಮೇಲೆ ಗುಂಡು ಎಲ್ಲಿ ಉಜ್ಜುತ್ತದೆ? ಬೇರಿಂಗು ತೇಲುವುದೇ ಎಣ್ಣೆಯ ಮೇಲೆ. ಸನ್ನೆಗೋಲಿನ ಆಟದಲ್ಲಿ ಶಾಂಪೂ ಗೆದ್ದರೂ ನನಗೆ ಆಶ್ಚರ್ಯವಿಲ್ಲ.

ಎಂಜಿನ್ನಿನೊಳಗೇ ಇಳಿದು ನೋಡಿದ ಒಂದು ಹೋಲಿಕೆ ಇದೆ. ಅಮೆರಿಕದ ಗ್ರಾಹಕ ಪತ್ರಿಕೆ ಕನ್ಸ್ಯೂಮರ್ ರಿಪೋರ್ಟ್ಸ್ ನ್ಯೂಯಾರ್ಕಿನ 75 ಟ್ಯಾಕ್ಸಿಗಳಿಗೆ ಹೊಸದಾಗಿ ಕಟ್ಟಿದ ಎಂಜಿನ್ ಹಾಕಿಸಿ, ಬೇರೆಬೇರೆ ಎಣ್ಣೆ ತುಂಬಿ, ತಲಾ 60,000 ಮೈಲಿ ಓಡಿಸಿತು. ಸಾದಾ ಎಣ್ಣೆಗಳೂ ಇದ್ದವು, ಸಿಂಥೆಟಿಕ್ಕೂ ಇತ್ತು. ಆಮೇಲೆ ಎಂಜಿನ್ ಬಿಚ್ಚಿ ಕ್ಯಾಮ್, ಬೇರಿಂಗುಗಳನ್ನು ಅಳೆಯಿತು. 1996ರ ಜುಲೈನಲ್ಲಿ ಫಲಿತಾಂಶ ಅಚ್ಚಾಯಿತು: ಎಣ್ಣೆಯಿಂದ ಎಣ್ಣೆಗೆ ಹೇಳಿಕೊಳ್ಳುವಂಥ ಸವೆತದ ವ್ಯತ್ಯಾಸ ಇಲ್ಲ. ಎಣ್ಣೆ ಕಂಪನಿಗಳಿಗೆ ಖಾರ ತಾಗಿತು. ಅವರ ತಕರಾರಿನಲ್ಲೂ ಹುರುಳಿತ್ತು: ಟ್ಯಾಕ್ಸಿ ಎಂಜಿನ್ ಹಗಲೂ ರಾತ್ರಿ ಬಿಸಿಯಾಗೇ ಇರುತ್ತದೆ, ಸವೆತ ಹೆಚ್ಚಾಗುವ ತಣ್ಣನೆಯ ಸ್ಟಾರ್ಟ್ ಅದಕ್ಕೆ ಅಪರೂಪ. ಹಾಲು ತರಲು ಒಂದು ಕಿಲೊಮೀಟರ್ ಹೋಗಿ ಬಂದು ನಿಲ್ಲಿಸುವ ಸ್ಕೂಟರಿನ ಕಥೆ ಆ 75 ಟ್ಯಾಕ್ಸಿಗಳಲ್ಲಿ ಇಲ್ಲ. ಆದರೂ, ಮಾನದಂಡ ಪಾಸಾದ ಎರಡು ಎಣ್ಣೆಗಳ ನಡುವಿನ ಅಂತರ ಜಾಹೀರಾತಿನ ದನಿಯಷ್ಟು ದೊಡ್ಡದಲ್ಲ ಎಂಬುದಕ್ಕೆ ನಾನು ಈ ಟ್ಯಾಕ್ಸಿಗಳನ್ನೇ ಸಾಕ್ಷಿ ಕರೆಯುತ್ತೇನೆ. ಹಾಳೆಯಲ್ಲಿ ನೊಆಕ್ 10.2 ಮತ್ತು 10.9 ಎಂದು ಕಂಡು ಮೊದಲನೆಯದನ್ನು ಹೊತ್ತು ಮೆರೆಸುವವರಿಗೆ ಇನ್ನೊಂದು ಮಾತು: ಅದೇ ಡಬ್ಬಿಯ ಎಣ್ಣೆಯನ್ನು ಎರಡು ಲ್ಯಾಬಿಗೆ ಕೊಟ್ಟರೂ ಅಷ್ಟು ವ್ಯತ್ಯಾಸ ಬರಬಹುದು. ಹಾಳೆಯ ಕೆಳಗೆ ಸಣ್ಣಕ್ಷರದಲ್ಲಿ "ಸಾಮಾನ್ಯ ಮೌಲ್ಯಗಳು" ಎಂದು ಬರೆದಿರುವುದು ಅದಕ್ಕೇ.

ಸುರಿದ ಎಣ್ಣೆಯ ಸಾಕ್ಷಿ

ಹೊಸ ಎಣ್ಣೆ ಆಶ್ವಾಸನೆ ಕೊಡುತ್ತದೆ, ಹಳೆಯದು ಲೆಕ್ಕ ಒಪ್ಪಿಸುತ್ತದೆ. ಅಮೆರಿಕದ ರೈಲ್ವೆಗಳು 1940ರ ದಶಕದಲ್ಲೇ ಡೀಸೆಲ್ ಎಂಜಿನ್‌ಗಳ ಬಳಸಿದ ಎಣ್ಣೆಯನ್ನು ಉರಿಸಿ, ಬೆಳಕಿನ ಬಣ್ಣಗಳಲ್ಲಿ ಲೋಹಗಳನ್ನು ಹುಡುಕುತ್ತಿದ್ದವು. ನಮ್ಮ ರೈಲ್ವೆಯ ಡೀಸೆಲ್ ಶೆಡ್‌ಗಳಲ್ಲೂ ಈ ಪದ್ಧತಿ ಬೇರೂರಿತು. ಕಬ್ಬಿಣ ಏರಿದರೆ ಲೈನರ್ ಸವೆಯುತ್ತಿದೆ, ತಾಮ್ರ-ಸೀಸ ಏರಿದರೆ ಬೇರಿಂಗು. ಎಂಜಿನ್ ಬಿಚ್ಚದೆಯೇ ಒಳಗಿನ ಸುದ್ದಿ. ಬಣ್ಣ ಮಾತ್ರ ಸಾಕ್ಷಿಗೆ ಬರುವುದಿಲ್ಲ. ಕರ್ರಗಾದ ಎಣ್ಣೆ ಎಂದರೆ ಮಸಿಯನ್ನು ಎಂಜಿನ್ ಗೋಡೆಗೆ ಅಂಟಲು ಬಿಡದೆ ತನ್ನಲ್ಲೇ ಹಿಡಿದುಕೊಂಡ ಎಣ್ಣೆ.

ಕಳೆದ ಬೇಸಿಗೆಯಲ್ಲಿ ಹೊಸಪೇಟೆ-ಸಂಡೂರು ಕಡೆ ಸುತ್ತಿ ಬಂದ ಮೇಲೆ, ನನ್ನ ಬೈಕಿನಿಂದ ಇಳಿಸಿದ ಎಣ್ಣೆಯನ್ನು ನೂರು ಎಂಎಲ್ ಸೀಸೆಯಲ್ಲಿ ಹಿಡಿದು ಒಂದು ಖಾಸಗಿ ಲ್ಯಾಬಿಗೆ ಕೊಟ್ಟೆ. ದುಬಾರಿ ಸಿಂಥೆಟಿಕ್ಕೇ ಹಾಕಿದ್ದೆ, ಹಾಗಾಗಿ ಹೊಗಳಿಕೆ ನಿರೀಕ್ಷಿಸಿದ್ದೆ. ವರದಿಯಲ್ಲಿ ಸ್ನಿಗ್ಧತೆ ಸರಿಯಿತ್ತು, ಟಿಬಿಎನ್ ಇನ್ನೂ ಉಳಿದಿತ್ತು. ಸಿಲಿಕಾನ್ ಸಾಲಿನ ಪಕ್ಕದಲ್ಲಿ ಮಾತ್ರ ಕೆಂಪು ಗುರುತು. ಅದರ ಬೆನ್ನಿಗೆ ಅಲ್ಯುಮಿನಿಯಂ, ಕಬ್ಬಿಣ ಎರಡೂ ಏರಿದ್ದವು. ಸಿಲಿಕಾನ್ ಒಂದೇ ಏರಿದ್ದರೆ ಹೊಸ ಗ್ಯಾಸ್ಕೆಟ್ಟಿನ ಅಂಟು ಎನ್ನಬಹುದಿತ್ತು.

ಕಾಗದ ಹಿಡಿದು ಗ್ಯಾರೇಜಿಗೆ ಹೋದೆ. ಮೆಕ್ಯಾನಿಕ್ ಎರಡೂ ಕಡೆ ತಿರುಗಿಸಿ ನೋಡಿದರು.

"ಸಿಲಿಕಾನ್ ಅಂದ್ರೆ ಏನ್ ಸಾರ್?"

"ಮಣ್ಣು. ಧೂಳು."

ಕಾಗದವನ್ನು ಸೀಟಿನ ಮೇಲಿಟ್ಟು, ಸ್ಕ್ರೂಡ್ರೈವರ್ ತೆಗೆದುಕೊಂಡು ಸೈಡ್ ಪ್ಯಾನೆಲ್ ಬಿಚ್ಚಿದರು. ಏರ್ ಫಿಲ್ಟರ್ ಡಬ್ಬಿಯ ಮುಚ್ಚಳದ ರಬ್ಬರು ಒಂದು ಮೂಲೆಯಲ್ಲಿ ಸೀಳಿತ್ತು. ಫಿಲ್ಟರಿನ ಆಚೆ, ಎಂಜಿನ್ ಕಡೆಯ ಗೋಡೆಗೆ ತೋರುಬೆರಳು ಒರೆಸಿ ಹೊರತೆಗೆದರು, ಹೆಬ್ಬೆರಳಿನೊಡನೆ ಉಜ್ಜಿದರು, ಬೆಳಕಿಗೆ ಹಿಡಿದರು. ಬೆರಳ ತುದಿ ಕೆಂಪಗಿತ್ತು.

"ಸಂಡೂರಿಂದು" ಎಂದರು.